ಗಂಜಿ ಇಲ್ಲದ ಕಂಬಳಿ

ಮಿರಜದ ದವಾಖಾನೆಯ ವರಾಂಡದಲ್ಲಿ ನಿಂತುಕೊಂಡು, ಬಂದು ಹೋಗುವವರೆಲ್ಲ ಕೇಳುವ ಹಾಗೆ ಹೌಸಾಬಾಯಿ ಆಡಿದ ಮಾತಿಗೆ ಕ್ಷಮೆ ಎಂಬುದಿಲ್ಲ. ಬೇರೆಯವರು ಕೊಟ್ಟರೆ ಕೊಟ್ಟುಕೊಳ್ಳಲಿ, ಇಲ್ಲಿ ಅದು ಸಿಗುವುದಿಲ್ಲ. "ಹೇ ಮಾಣಸಾಚ ಲೇಕರು ಆಹೆ, ಮೆಂಢ್ರಾಚ ನಾಹಿ" ಅಂದಳು. ಇದು ಮನುಷ್ಯರ ಕೂಸು, ಕುರಿಯ ಮರಿ ಅಲ್ಲ ಎಂದು. ಅಷ್ಟಕ್ಕೇ ಬಿಡಲಿಲ್ಲ. ಬೀಗಿತಿಗೆ ಎಲ್ಲಿ ತಿಳಿಯದೆ ಹೋದೀತೋ ಎಂದು ಅದನ್ನೇ ಇನ್ನೊಂದು ಸಲ ಕನ್ನಡದಲ್ಲಿ ಹೇಳಿದಳು. ಬೀಗಿತಿಯ ಊರಾದ ಆರಗದವರಿಗೆ ಮರಾಠಿ ತಿಳಿಯುವುದಿಲ್ಲವೇ? ಮಹಾರಾಷ್ಟ್ರದ ಎಸ್.ಟಿ. ಬಸ್ಸಿನ ಕಂಡಕ್ಟರನೊಂದಿಗೆ ಹುಟ್ಟಿದಾಗಿನಿಂದ ಜಗಳಾಡುತ್ತ ಬಂದವರು ಅವರು! ಇಷ್ಟು ಹೇಳಿದ ಹೌಸಾಬಾಯಿ ಯಾರು ಅಂದರೆ, ಜತ್ತದ ಬಯಲಿನಲ್ಲಿ ಕುರಿಯ ಹಿಂದೆಯೇ ಆಯುಷ್ಯ ಸವೆಸಿದ ಒಬ್ಬ ಮನುಷ್ಯನ ಮಗಳು. ಅಪ್ಪ ಹೊದ್ದ ಕಂಬಳಿಯ ಒಳಗೇ ಬೆಳೆದವಳು. ಮಗ ಕುಪವಾಡದ ಕಾರಖಾನೆ ಸೇರಿ, ತಗಡಿನ ಮನೆ ಹೋಗಿ ಸ್ಲ್ಯಾಬಿನ ಮನೆ ಬಂದ ಮೇಲೆ ಅವಳ ಮೂಗಿಗೆ ಕುರಿಯ ವಾಸನೆ ಬಡಿಯತೊಡಗಿತು.

ಆ ಮಾತು ಬಿದ್ದದ್ದು ದುಂಡವ್ವನ ಮೇಲೆ. ದುಂಡವ್ವ ಅಂದರೆ ಆರಗದ ಅಮೋಘಸಿದ್ಧನ ಹೆಂಡತಿ. ಅವಳ ಒಬ್ಬಳೇ ಮಗಳು ತುಳಸಾಳನ್ನು ಹೌಸಾಬಾಯಿಯ ಮಗ ಅಪ್ಪಾಸಾಬನಿಗೆ ಕೊಟ್ಟಿದ್ದರು. ತುಳಸಾ ಹಿಂದಿನ ದಿನವಷ್ಟೇ ಹೆಣ್ಣು ಕೂಸನ್ನು ಹಡೆದಿದ್ದಳು. ಹಾಗಾಗಿ ವರಾಂಡದಲ್ಲಿ ಮಾತು ತಿನ್ನುತ್ತ ನಿಂತ ದುಂಡವ್ವ ಅಜ್ಜಿಯಾಗಿ ಇನ್ನೂ ಒಂದು ರಾತ್ರಿ ಕಳೆದಿತ್ತು ಅಷ್ಟೇ.

ತಪ್ಪು ದುಂಡವ್ವನದೂ ಇತ್ತು, ಇಲ್ಲ ಅನ್ನುವ ಹಾಗಿಲ್ಲ. ಆದರೆ ಅದು ಕುರಿ ಸಾಕಿದ ಮನೆಯವರು ಮಾತ್ರ ಮಾಡಬಹುದಾದ ತಪ್ಪು. ಆ ಮನೆಗಳಲ್ಲಿ ಚೊಚ್ಚಲ ಕೂಸನ್ನು ಮಲಗಿಸುವುದು ತಾಯಿಯ ತವರಿನ ಕಂಬಳಿಯ ಮೇಲೆ. ಹೆಸರಿಡುವ ದಿನ ತೊಟ್ಟಿಲಲ್ಲೂ ಅದನ್ನೇ ಹಾಸಬೇಕು. ಇನ್ನು ಒಳ್ಳೆಯ ಕಂಬಳಿ ಅಂದರೆ ಯಾವುದು? ಮಡಿಸಿ ನೆಲದ ಮೇಲಿಟ್ಟರೆ ಗೋಡೆಯ ಆಸರೆ ಇಲ್ಲದೆ ನಿಲ್ಲಬೇಕು. ನೇಯುವವರು ಹುಣಸೆ ಬೀಜ ಹುರಿದು, ಬೀಸಿ, ಕುದಿಸಿ ಗಂಜಿ ಮಾಡಿ, ಮಗ್ಗದ ಹಾಸಿಗೆಲ್ಲ, ಅಂದರೆ ಉದ್ದಕ್ಕೆ ಬಿಗಿದ ನೂಲಿಗೆಲ್ಲ, ಅದನ್ನು ಬಳಿಯುತ್ತಾರೆ. ಗಂಜಿ ಕುಡಿದ ನೂಲು ತಂತಿಯ ಹಾಗೆ ಸೆಟೆಯುತ್ತದೆ. ಅಂಥ ಕಂಬಳಿಯ ಮೇಲೆ ಮಳೆ ಬಿದ್ದರೆ ನೀರು ಜಾರಿ ಹೋಗಬೇಕು, ಒಳಗೆ ಇಳಿಯಬಾರದು. ಗಂಜಿ ಕಡಿಮೆಯಾದರೆ ಕೊಟ್ಟವರ ಮನೆಯ ಕೈ ಸಣ್ಣದು ಎಂದು ಮಂದಿ ಆಡಿಕೊಳ್ಳುತ್ತಾರೆ.

ಮಗಳಿಗೆ ದಿನ ತುಂಬುವ ಮೊದಲೇ ದುಂಡವ್ವ ತನ್ನ ಹಟ್ಟಿಯ ಕರಿಯ ಕುರಿಗಳ ಉಣ್ಣೆ ನೂತು, ಊರಿನ ಕಂಬಳಿ ನೇಕಾರ ಬಾಳಪ್ಪನ ಮುಂದೆ ಗಂಟು ಇಳಿಸಿದ್ದಳು.

"ಕಾಕಾ, ಗಂಜಿಗೆ ಕೈ ಹಿಡೀಬ್ಯಾಡ್ರಿ. ಎರಡ ಸಲ ಬಳೀರಿ. ನನ್ನ ಮೊಮ್ಮಗಂದು."

"ಮೊಮ್ಮಗನೋ ಮೊಮ್ಮಗಳೋ, ಹೊಟ್ಟಿಯೊಳಗ ಹೊಕ್ಕು ನೋಡಿ ಬಂದಿಯೇನ?"

"ಯಾವದರ ಆಗ್ಲಿ. ಕಂಬಳಿ ಮಾತ್ರ ಸೆಟದ ನಿಂದರಬೇಕು."

ನಿಂತಿತು. ಬಾಳಪ್ಪ ಎರಡು ಸಲವಲ್ಲ, ಮೂರು ಸಲ ಬಳಿದಿದ್ದ. ಮಿರಜದ ಬಸ್ಸಿನಲ್ಲಿ ಅದನ್ನು ಒಂದು ಸೀಟಿನ ಮೇಲೆ ನಿಲ್ಲಿಸಿದಾಗ, ಅದಕ್ಕೂ ತಿಕೀಟು ತೆಗೆಸು ಎಂದು ಕಂಡಕ್ಟರ ಚೇಷ್ಟೆ ಮಾಡಿದ. ದುಂಡವ್ವನಿಗೆ ಹೆಮ್ಮೆಯೇ ಆಯಿತು. ದವಾಖಾನೆಯಲ್ಲಿ ಕೂಸನ್ನು ಒಂದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಆ ಕಂಬಳಿಯ ಮೇಲೆ ಮಲಗಿಸಿದಳು. ಸೀರೆ ಸರಿಯಿತು. ಬೆಳಗಾಗುವುದರಲ್ಲಿ ಕೂಸಿನ ಕೆನ್ನೆ, ಮೊಣಕೈ ಕೆಂಪು ಕೆಂಪಾಗಿ ಎದ್ದಿದ್ದವು. ಡಾಕ್ಟರಬಾಯಿ ನೋಡಿ, ಏನೂ ಆಗಿಲ್ಲ, ಮೆತ್ತಗಿನ ಅರಿವೆ ಹಾಕಿರಿ ಎಂದು ನಕ್ಕು ಹೋದಳು. ಆದರೆ ಆ ಹೊತ್ತಿಗೇ ಹೌಸಾಬಾಯಿ ಬಂದಿಳಿದಳು. ಮೊದಲು ಹೇಳಿದ ಆ ಮಾತನ್ನು ಎರಡು ಭಾಷೆಯಲ್ಲಿ ಆಡಿ, ಮೇಲೆ ಇನ್ನೊಂದು ಷರತ್ತನ್ನೂ ಹಾಕಿದಳು.

"ಹೆಸರಿಡೋ ದಿನ ಬರ್ತೀನಿ ವಿಹಿಣಬಾಯಿ. ಕೂಸಿನ ಅರಿವಿ ಬಿಚ್ಚಿಸಿ ನೋಡಾಕಿ ನಾನು. ಒಂದ ಕೆಂಪ ಚುಕ್ಕಿ ಕಂಡ್ರೂ ತಾಯಿ ಮಗಳನ್ನ ಅವತ್ತ ಕುಪವಾಡಕ್ಕ ಒಯ್ತೀನಿ. ನಿಮ್ಮ ಐದ ತಿಂಗಳ ಬಾಣಂತನ ಅಲ್ಲಿಗೇ ಮುಗೀತು. ಮತ್ತ ಈ ಹಲಗಿ ನನ್ನ ಮೊಮ್ಮಗಳ ತೊಟ್ಟಲದಾಗ ಕಾಣಬಾರದು."

ವಿಹಿಣಬಾಯಿ ಅಂದಳು ಬೀಗಿತಿಗೆ, ಹಲಗಿ ಅಂದಳು ಕಂಬಳಿಗೆ. ದುಂಡವ್ವ ಮೂಗಿನಿಂದ ಒಂದು ಉಸಿರು ಬಿಟ್ಟಳು.

"ತೊಟ್ಟಲ ನಮ್ಮ ಮನೀದೈತಿ ಬೀಗ್ತಿ. ಅದರಾಗ ಕಂಬಳೀನ ಬೀಳತೈತಿ. ಕೂಸಿನ ಮೈಮ್ಯಾಲೆ ಚುಕ್ಕೀನೂ ಇರೂದಿಲ್ಲ. ಕಣ್ಣ ಚೊಲೋ ತೊಳಕೊಂಡ ಬರ್ರಿ, ಎರಡೂ ಕಾಣತಾವ."

ಹೇಳುವುದನ್ನು ಹೇಳಿಬಿಟ್ಟಳು. ಕಂಬಳಿಯೂ ಇರಬೇಕು, ಚುಕ್ಕಿಯೂ ಇರಬಾರದು ಅಂದರೆ ಅದು ಹೇಗೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಅಮೋಘಸಿದ್ಧ ಕುದಿಯುತ್ತ ಕೂತಿದ್ದ. "ಅಕೀ ಅಪ್ಪನ ಕಂಬಳಿ ವಾಸನಿ ಜತ್ತದಾಗ ಎದ್ರ ಮಿರಜದ ಸಂತಿಗೆ ಬರತಿತ್ತು. ಈಗ ನಮ್ಮದು ಹೊಲಸ ಆತೇನ? ಇಳೀಲಿ ಆರಗದಾಗ, ತೋರಸ್ತೇನಿ ಅಕೀಗೆ."

"ಸುಮ್ನ ಕುಂದ್ರಿ. ಕೂಸ ಮಲಗೈತಿ."

ಕೂಸು ಮಲಗಿರಲಿಲ್ಲ. ತುಳಸಾಳ ತೊಡೆಯ ಮೇಲೆ ಒಂದು ಕಣ್ಣು ತೆರೆದು, ಬಸ್ಸಿನ ಚಾವಣಿಯನ್ನು ಕೊಳ್ಳಲು ಬಂದ ವ್ಯಾಪಾರಿಯಂತೆ ನೋಡುತ್ತಿತ್ತು. ಅಷ್ಟು ಸಿಟ್ಟಿನಲ್ಲೂ ಅದನ್ನು ಕಂಡು ದುಂಡವ್ವನಿಗೆ ನಗು ಬಂತು. ಸೆರಗನ್ನು ಬಾಯಿಗೆ ಹಿಡಿದುಕೊಂಡಳು.

ದೀಪಾವಳಿ ಮುಗಿದು ಚಳಿ ಏರುತ್ತಿದ್ದ ದಿನಗಳು ಅವು. ಕಬ್ಬಿನ ಗಾಡಿಗಳು ಹಗಲೆಲ್ಲ ಕಾರಖಾನೆಯ ಹಾದಿ ಹಿಡಿದಿರುತ್ತಿದ್ದವು. ಆಗ ಊರಿನಲ್ಲಿ ಎಲ್ಲದಕ್ಕೂ ಒಂದೊಂದು ಸಹಕಾರಿ ಸೊಸಾಯಿಟಿ. ಹಾಲಿಗೊಂದು, ಗೊಬ್ಬರಕ್ಕೊಂದು, ಉಣ್ಣೆಗೂ ಒಂದು. ಒಂದಲ್ಲ ಒಂದಕ್ಕೆ ಚೇರಮನ್ ಆಗದ ಗಂಡಸು ಆರಗದಲ್ಲಿ ಅಮೋಘಸಿದ್ಧನೊಬ್ಬನೇ ಉಳಿದಿದ್ದಾನೆ ಎಂದು ಮಂದಿ ನಗುತ್ತಿದ್ದರು. ದುಂಡವ್ವನ ದಿನ ಹಾಲಿನ ಡೇರಿಯಿಂದಲೇ ಶುರು. ಎಮ್ಮೆ ಹಿಂಡಿ, ಕ್ಯಾನು ಹೊತ್ತು ಪಾಳಿಯಲ್ಲಿ ನಿಂತರೆ ನೆರೆಮನೆಯ ಸಾತವ್ವ ಕಾಯುತ್ತಲೇ ಇರುತ್ತಿದ್ದಳು.

"ಹಾದಿ ಬಿಡ್ರಿ, ಹಾದಿ ಬಿಡ್ರಿ, ಮುದಕಿ ಬಂತು! ಏ ಅಜ್ಜಿ, ಕಣ್ಣ ಕಾಣತಾವೇನ, ಕೈ ಹಿಡೀಲೇನ?"

"ನನ್ನ ಹಲ್ಲ ಎಣಿಸು, ಎಲ್ಲಾ ಅದಾವ. ನಿನ್ನವ ಎಷ್ಟ ಉಳದಾವ?"

"ಕೂಸ ಯಾರಂಗ ಐತಿ?"

"ಹಣಿ ನನ್ನಂಗ. ಮೂಗ ಕುಪವಾಡದ್ದು, ಏನ ಮಾಡೂದು, ಬೆಳೀತಾ ಬೆಳೀತಾ ಸರಿ ಆದೀತು."

ಹಾಲು ಅಳೆಯುವವನೂ ನಗುತ್ತಿದ್ದ. ಅಜ್ಜಿ ಎಂದು ಕರೆದರೆ ಹೆಂಗಸರು ಮುಖ ಗಂಟು ಹಾಕುವುದನ್ನು ಎಲ್ಲರೂ ಕಂಡಿದ್ದಾರೆ. ದುಂಡವ್ವ ಮಾತ್ರ ಆ ಮಾತನ್ನು ಕೇಳಲೆಂದೇ ಒಂದು ಸಲ ಖಾಲಿ ಕ್ಯಾನು ಹಿಡಿದು ಡೇರಿಯ ಮುಂದೆ ಹಾಯ್ದು ಬಂದದ್ದೂ ಉಂಟು.

ಆಮೇಲೆ ಎರೆಯುವ ಹೊತ್ತು. ಅದಕ್ಕಾಗಿಯೇ ಅವಳು ಉಳಿದ ಕೆಲಸವನ್ನೆಲ್ಲ ಓಡಿ ಓಡಿ ಮುಗಿಸುತ್ತಿದ್ದಳು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಎರಡೂ ಕಾಲಿನ ನಡುವಿನ ಹಳ್ಳದಲ್ಲಿ ಕೂಸನ್ನು ಬೋರಲು ಹಾಕಿಕೊಳ್ಳುವಳು. ಕೊಬ್ಬರಿ ಎಣ್ಣೆ ತಿಕ್ಕಿದ ಆ ಸಣ್ಣ ಬೆನ್ನು ಬಿಸಿನೀರು ಬಿದ್ದಾಗ ನವಿರೆದ್ದು, ಆಮೇಲೆ ಸಡಿಲಾಗುವುದು. ಅತ್ತು ಅತ್ತು ಸಾಕಾಗಿ ಕೂಸು ಅವಳ ಮೊಣಕಾಲನ್ನು ಚೀಪತೊಡಗುವುದು. ಕುರಿ ಕಾದ ಕಾಲುಗಳು ಅವು, ಬಿರುಕು ಬಿಟ್ಟವು. ಅವನ್ನೂ ಒಂದು ಜೀವ ಚೀಪುತ್ತದೆ ಅಂದರೆ! ಎರೆದು ಮುಗಿಸಿ, ಲೋಬಾನದ ಹೊಗೆ ತೋರಿಸಿ, ನೆತ್ತಿಯ ಮೇಲೆ ಎಣ್ಣೆ ಇಟ್ಟು, ಆ ನೆತ್ತಿಯನ್ನು ಮೂಸುವುದು ಅವಳ ಚಟವಾಯಿತು. ತುಳಸಾ ಗದರಿದರೂ ಬಿಡಲಿಲ್ಲ.

"ಯವ್ವಾ, ಕೂಸಿನ ತಲಿ ಸವದು ಹೋಗತೈತಿ, ಬಿಡ."

"ನಿನ್ನ ತಲಿ ಮೂಸಾಕ ನನಗ ವ್ಯಾಳ್ಯಾ ಸಿಗಲಿಲ್ಲ. ಅದನ್ನೂ ಸೇರ್ಸಿ ಮೂಸಾಕತ್ತೇನಿ."

ಅದು ನಿಜ. ತುಳಸಾ ಹುಟ್ಟಿದ್ದು ಮನೆಯಲ್ಲಿ ಅಲ್ಲ. ಆ ವರ್ಷ ಮೇವಿಲ್ಲದೆ ಹಿಂಡನ್ನು ಹೊಡೆದುಕೊಂಡು ಘಟ್ಟದ ಕಡೆ ಹೋಗಿದ್ದರು. ಯಾರದೋ ಹೊಲದ ಬದುವಿನಲ್ಲಿ ದುಂಡವ್ವ ಹಡೆದಳು. ಅಮೋಘಸಿದ್ಧನ ರುಮಾಲಿನಲ್ಲಿ ಕೂಸನ್ನು ಸುತ್ತಿ, ವಾರ ತುಂಬುವುದರೊಳಗೆ ಹಿಂಡಿನ ಹಿಂದೆ ನಡೆದಳು. ಬಾಣಂತನ ಅಂದರೆ ಏನೆಂದು ಅವಳ ಮೈಗೆ ಗೊತ್ತೇ ಇಲ್ಲ. ತವರಿನ ಕಂಬಳಿ ತೊಟ್ಟಿಲಿಗೆ ಬೀಳಲಿಲ್ಲ, ತೊಟ್ಟಿಲೇ ಇರಲಿಲ್ಲ. ತನಗೆ ಸಿಗದೆ ಹೋದ ಐದು ತಿಂಗಳು ಮಗಳಿಗೆ ಪೂರ್ತಿ ಸಿಗಬೇಕು ಎಂಬುದು ಅವಳು ಮದುವೆಯ ಚಪ್ಪರದಲ್ಲೇ ಮನಸ್ಸಿನಲ್ಲಿ ಕಟ್ಟಿಕೊಂಡ ಹಟ. ಅದನ್ನು ಒಂದು ಚುಕ್ಕಿಯ ನೆವದಲ್ಲಿ ಕಿತ್ತುಕೊಂಡು ಹೋಗುತ್ತೇನೆ ಎಂದು ಬೀಗಿತಿ ಹೇಳುವುದೇ?

ಕೂಸು ಸಣ್ಣದಿದ್ದ ಕಾರಣ ಹೆಸರಿಡುವುದನ್ನು ಹನ್ನೆರಡನೆಯ ದಿನ ಬಿಟ್ಟು ಸವಾ ತಿಂಗಳಿಗೆ, ಅಂದರೆ ಒಂದೂಕಾಲು ತಿಂಗಳಿಗೆ, ಹಾಕಿದ್ದರು. ಇದ್ದ ಅವಧಿ ಅಷ್ಟೇ.

ಮೊದಲು ದುಂಡವ್ವ ಆ ಸೆಟೆದ ಕಂಬಳಿಯನ್ನೇ ತಿದ್ದಲು ನೋಡಿದಳು. ಬಿಸಿನೀರಿನಲ್ಲಿ ಅಂಟವಾಳದ ಕಾಯಿ ಕಿವುಚಿ, ಕಂಬಳಿ ಅದ್ದಿ, ದೊಡ್ಡ ಬೋಗುಣಿಯಲ್ಲಿ ಹಾಕಿ ತುಳಿದೇ ತುಳಿದಳು. ಗಂಜಿ ಇಳಿದು ನೀರು ಪಾಯಸವಾಯಿತು. ಆದರೆ ಒಣಗಿದ ಮೇಲೆ ನೋಡಿದರೆ ಕಂಬಳಿ ಅರ್ಧಕ್ಕೆ ಸುರುಟಿ, ದಪ್ಪಗೆ ಗಂಟುಗಂಟಾಗಿ ಕೂತಿತ್ತು. ಕೈ ಆಡಿಸಿದರೆ ಕಳ್ಳಿಯ ಬೇಲಿ.

ಅಮೋಘಸಿದ್ಧ ಬಗ್ಗಿ ಮುಟ್ಟಿ ನೋಡಿದ. "ಕುರಿ ಮ್ಯಾಲೆ ಹೊಚ್ಚಿ ನೋಡು. ಕುರೀನೂ ಒಲ್ಲೆ ಅಂತೈತಿ."

"ನಗರಿ ನೀವು. ನಿಮ್ಮ ಮೊಮ್ಮಗಳನ್ನ ಒಯ್ದ ಮ್ಯಾಲೆ ಅಳತೀರಿ."

"ನಾ ಯಾಕ ಅಳಲಿ?" ಅಂದ ಅವನು. ಆದರೆ ದಿನಾ ಸಂಜೆ ಹಟ್ಟಿಯಿಂದ ಬಂದವನೇ ಕೈಕಾಲು ತೊಳೆದು ಕೂಸಿನ ಮುಂದೆ ಕೂತು, ಕುರಿ ಕರೆಯುವ ದನಿಯಲ್ಲೇ "ಹುರ್ರ್ ಹುರ್ರ್" ಎಂದು ಅದನ್ನು ಮಾತಾಡಿಸುತ್ತಿದ್ದವನು ಅವನೇ.

ದಾರಿ ಕಂಡದ್ದು ಬಚ್ಚಲಲ್ಲಿ. ಒಂದು ಬೆಳಿಗ್ಗೆ ಕೂಸಿಗೆ ಎರೆಯುವಾಗ ಅದರ ನಡುವಿನ ಉಡದಾರಕ್ಕೆ ಅವಳ ಬೆರಳು ತಾಗಿತು. ದೃಷ್ಟಿ ತಾಗಬಾರದೆಂದು ಕಟ್ಟಿದ ಕರಿಯ ಉಣ್ಣೆಯ ದಾರ. ಅವಳೇ ಹೊಸೆದದ್ದು. ದಿನಾ ನೀರು, ದಿನಾ ಎಣ್ಣೆ, ಆದರೂ ಒಂದು ಎಳೆ ಬಿಚ್ಚಿಲ್ಲ. ದಾರದ ಕೆಳಗಿನ ಚರ್ಮದಲ್ಲಿ ಕೆಂಪು ಅನ್ನುವುದು ಹೆಸರಿಗೂ ಇಲ್ಲ. ದುಂಡವ್ವ ತಂಬಿಗೆ ಕೆಳಗಿಟ್ಟಳು. ಈ ದಾರಕ್ಕೆ ಗಂಜಿ ಯಾರು ಹಚ್ಚಿದ್ದಾರೆ? ಯಾರೂ ಇಲ್ಲ. ಮರಿಯ ಉಣ್ಣೆ, ಎರಡು ಎಳೆ ಕೂಡಿಸಿ ಹುರಿ ಮಾಡಿದ್ದು ಅಷ್ಟೇ. ಮಗ್ಗದ ಹಾಸಿಗೆ ಗಂಜಿ ಬೇಕಾಗುವುದು ಒಂಟಿ ಎಳೆ ತಿಕ್ಕಾಟಕ್ಕೆ ಹರಿಯುತ್ತದೆ ಎಂದು. ಹುರಿ ಮಾಡಿದ ನೂಲು ಯಾಕೆ ಹರಿಯಬೇಕು?

ಕೂಸು ತಣ್ಣಗಾಗಿ ಕಿರುಚಿಕೊಂಡಿತು. "ಯವ್ವಾ!" ಎಂದು ಒಳಗಿನಿಂದ ತುಳಸಾ ಕೂಗಿದಳು. ದುಂಡವ್ವ ಕೂಸನ್ನು ಸುತ್ತಿ ಅವಳ ಕೈಗೆ ಕೊಟ್ಟು, ಒದ್ದೆ ಸೀರೆಯಲ್ಲೇ ಹಟ್ಟಿಗೆ ನಡೆದಳು.

"ಮರಿಗೋಳ ಉಣ್ಣಿ ಕತ್ತರಿಸಿ ಕೊಡ್ರಿ."

ಅಮೋಘಸಿದ್ಧ ಮುಖ ನೋಡಿದ. "ತಲಿ ನೆಟ್ಟಗೈತೇನ? ಈ ಥಂಡಿಯಾಗ? ಮರಿ ಸೆಟದ ಸತ್ತ ಹೋಗತಾವ. ಬ್ಯಾಸಗಿ ಬರ್ಲಿ."

"ಬ್ಯಾಸಗಿ ಬರೂದರಾಗ ಕೂಸು ಕುಪವಾಡದಾಗ ಇರತೈತಿ."

"ಹಿರೀ ಕುರಿ ಉಣ್ಣಿ ಒಯ್ಯಿ."

"ಹಿರೀ ಕುರಿದು ಚುಚ್ಚತೈತಿ. ಒಂದ ಸಲಾನೂ ಕತ್ತರಿ ಕಾಣದ ಉಣ್ಣಿ ಬೇಕ ನನಗ. ಬೆನ್ನಿಂದ ಅಷ್ಟ ತಗೀರಿ, ಹೊಟ್ಟಿದು ಬಿಡ್ರಿ."

ಅವನು ಬೈದ. ಅವಳ ತವರನ್ನು ಬೈದ, ಹೌಸಾಬಾಯಿಯ ಸ್ಲ್ಯಾಬನ್ನು ಬೈದ, ಮೇವಿನ ಬಯಲನ್ನೆಲ್ಲ ನುಂಗಿದ ಕಬ್ಬನ್ನೂ ಬೈದ. ಬೈಯುತ್ತಲೇ ಕತ್ತರಿ ಮಸೆದ. ಬೆನ್ನು ಬೋಳಾದ ಮರಿಗಳು ಸಂಜೆ ನಡುಗುವುದನ್ನು ಕಂಡು, ಆ ಸುರುಟಿದ ಕಂಬಳಿಯನ್ನು ಎಳೆದು ತಂದು ಅವುಗಳ ಮೇಲೆ ಹೊದಿಸಿದ. ಮರಿಗಳು ಒಲ್ಲೆ ಅನ್ನಲಿಲ್ಲ. ಒಂದರ ಮೇಲೊಂದು ಬಿದ್ದು ಅದರಡಿ ಸೇರಿಕೊಂಡವು.

ಅಂದಿನಿಂದ ದುಂಡವ್ವನ ಕೈಯಲ್ಲಿ ಕದಿರು ಇಲ್ಲದ ಗಳಿಗೆ ಇಲ್ಲ. ಡೇರಿಯ ಪಾಳಿಯಲ್ಲಿ ನೂತಳು. ಕೂಸಿನ ಜೋಳಿಗೆಯನ್ನು ಕಾಲಿನ ಹೆಬ್ಬೆರಳಿನಿಂದ ತೂಗುತ್ತ ನೂತಳು. ಸಾತವ್ವ ಮಾತಿಗೆ ಬಂದರೆ ಅವಳ ಎರಡೂ ಕೈಗೆ ಎಳೆ ಸುತ್ತಿಸಿ ಕೂಡಿಸಿದಳು. ಅಡ್ಡ ಹಾಯುವ ಹೊಕ್ಕಿನ ನೂಲು ಸಡಿಲ, ಮೋಡದ ಹಾಗೆ. ಹಾಸಿನ ನೂಲು ಮಾತ್ರ ಎರಡು ಎಳೆ ಕೂಡಿಸಿ ಬಿಗಿಯಾಗಿ ಹುರಿ. ಕದಿರು ತಿರುಗಿಸಿ ತಿರುಗಿಸಿ ಹೆಬ್ಬೆರಳು ಸೀಳಿತು. ಅದಕ್ಕೆ ಬಾಣಂತಿಯ ತುಪ್ಪ ಸವರಿಕೊಂಡು ಮತ್ತೆ ಕೂತಳು.

ತುಳಸಾಳಿಗೆ ತಾಳಲಾಗಲಿಲ್ಲ. "ಯವ್ವಾ, ಸಾಕ ಮಾಡ. ಅತ್ತಿ ಗ್ರಾಹಕ ಭಂಡಾರದಾಗ ಗುಲಾಬಿ ಬಣ್ಣದ ಬ್ಲ್ಯಾಂಕೆಟ್ ತಂದಾರಂತ. ಮೆತ್ತಗ ಇರತೈತಿ. ಅದನ್ನ ಹಾಸಿದ್ರ ಮುಗೀತು. ನಿನಗ ಯಾಕ ಇಷ್ಟ ಹಟ?"

"ಮೆತ್ತಗಿಂದು ನಾನೂ ತರತೇನಿ ಅಂಗಡ್ಯಾಗಿಂದು. ಈ ಕೂಸು ಯಾರ ಮನೀದು ಅಂತ ಆ ಬ್ಲ್ಯಾಂಕೆಟ್ ಹೇಳತೈತೇನ?"

"ಹೇಳದಿದ್ರ ಏನಾತು?"

ದುಂಡವ್ವ ಕದಿರನ್ನು ನಿಲ್ಲಿಸಿದಳು. "ನಿನಗ ಏನೂ ಆಗೂದಿಲ್ಲ. ಮಂದಿ ನಮಗ ಕುರಿ ವಾಸನಿ ಅಂದ್ರ ನೀ ತಲಿ ಕೆಳಗ ಹಾಕ್ತಿ. ದವಾಖಾನಿಯಾಗೂ ಹಾಕಿದಿ, ನೋಡೇನಿ ನಾ. ನಿನ್ನ ಮಗಳು ಹಾಕಬಾರದು."

ಸ್ವಲ್ಪ ಹೊತ್ತಿಗೆ ತುಳಸಾ ಕೂಸಿಗೆ ಹಾಲು ಕೊಡುತ್ತಲೇ ಒಂದು ಕೈ ಚಾಚಿ ಉಣ್ಣೆಯ ಸಿಕ್ಕು ಬಿಡಿಸತೊಡಗಿದಳು.

ನೂಲು ಸಿದ್ಧವಾಯಿತು. ಇನ್ನು ಬಾಳಪ್ಪ. ಬಾಳಪ್ಪನ ಮಗ್ಗ ಬಾಳಪ್ಪನದಲ್ಲ, ಉಣ್ಣೆಯ ಸೊಸಾಯಿಟಿಯದು. ಸೊಸಾಯಿಟಿ ಕೊಟ್ಟ ನೂಲಾಗಲಿ, ಊರವರು ತಂದ ನೂಲಾಗಲಿ, ಸೊಸಾಯಿಟಿ ಹೇಳಿದ ಅಳತೆಗೇ ನೇಯಬೇಕು. ಅವರ ಸುಪರವೈಜರ ಬಂದು ಕಂಬಳಿಯನ್ನು ನೆಲದ ಮೇಲೆ ನಿಲ್ಲಿಸಿ, ನಿಂತರೆ ಮಾತ್ರ ಠಸ್ಸೆ ಒತ್ತುವನು. ಗಂಜಿ ಹಚ್ಚದೆ ನೇಯಿರಿ ಎಂದು ದುಂಡವ್ವ ನೂಲಿನ ಗಂಟು ಇಳಿಸಿದೊಡನೆ ಬಾಳಪ್ಪ ಕೈ ಅಲ್ಲಾಡಿಸಿಬಿಟ್ಟ.

"ಗಂಜಿ ಇಲ್ಲದ ಹಾಸು ಒಂದ ಗೇಣ ಮುಂದ ಹೋಗೂದಿಲ್ಲ ಮಗಳ. ಪಟಪಟ ಹರೀತೈತಿ. ಹೋದರೂ ಅದಕ್ಕ ಕಂಬಳಿ ಅಂತ ಯಾರ ಅಂತಾರ? ಜಾಳಗಿ ಅಂತಾರ."

"ಜಗ್ಗಿ ನೋಡ್ರಿ ಕಾಕಾ."

"ಏನ ಜಗ್ಗೂದು? ಈ ಕೂದಲಾ ಬೆಳ್ಳಗಾಗಿದ್ದು ಇದರಾಗ."

"ಜಗ್ಗಿ ನೋಡ್ರಿ."

ಬಾಳಪ್ಪ ಒಂದು ಎಳೆ ಹಿಡಿದು ಜಗ್ಗಿದ. ಎರಡೂ ಕೈಗೆ ಸುತ್ತಿಕೊಂಡು ಮತ್ತೆ ಜಗ್ಗಿದ. ಕೊನೆಗೆ ಹಲ್ಲಿನಲ್ಲಿ ಕಚ್ಚಿ ಎಳೆದ. ನೂಲು ಹರಿಯಲಿಲ್ಲ, ಅವನ ಒಂದು ಹಲ್ಲು ಅಲ್ಲಾಡಿತು.

"ಎರಡ ಎಳಿ ಕೂಡಸೀಯೇನ? ಹಗ್ಗ ಹೊಸದಂಗ?"

"ಹೂಂರಿ. ಉಡದಾರದಂಗ."

ಮುದುಕ ಬಹಳ ಹೊತ್ತು ಎಳೆಯನ್ನು ಬೆರಳಿನಲ್ಲಿ ಉರುಳಿಸುತ್ತ ಕೂತ. ಕಂಬಳಿಗೆ ಗಂಜಿ ಬೇಡ ಎಂದು ಅವನ ಮುಂದೆ ಯಾರೂ ಇದುವರೆಗೆ ಅಂದಿರಲಿಲ್ಲ. ಸಿಟ್ಟೂ ಬಂದಿತ್ತು, ಆಸೆಯೂ ಆಗಿತ್ತು. "ಸೊಸಾಯಿಟಿಯವರಿಗೆ ತಿಳದ್ರ ಮಗ್ಗ ಕಿತ್ತಕೊಂಡ ಹೋಗತಾರ" ಅಂದ.

"ಮತ್ತ ನಾ ಬ್ಯಾರೆ ಊರಿಗೆ ಹೋಗ್ಲೇನ?"

"ಹೋಗು."

ದುಂಡವ್ವ ಹೋಗಲಿಲ್ಲ. ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯ ದಂಡೆಯ ಮೇಲೆ ಸೆರಗು ಬಿಗಿದು ಕೂತಳು. ಬಾಳಪ್ಪ ನೇಯ್ದ, ಅವಳು ನೋಡಿದಳು. ಬಾಳಪ್ಪ ಕೆಮ್ಮಿದ, ಅವಳು ನೀರು ಕೊಟ್ಟಳು. ಮಧ್ಯಾಹ್ನಕ್ಕೆ ಮುದುಕ ಹೊಕ್ಕು ಹಾಯಿಸುವ ಲಾಳಿಯನ್ನು ಬದಿಗೆ ಎಸೆದ.

"ಸುಪರವೈಜರ ಮಿರಜಕ್ಕ ಹೋಗ್ಯಾನ. ನಾಳೆ, ನಾಡದು ಈ ಕಡೆ ತಲಿ ಹಾಕೂದಿಲ್ಲ. ಎದ್ದ ಹೋಗ ಇನ್ನ. ನಿನ್ನ ಕೂಸ ಅಳಾಕತ್ತಿರಬೇಕ."

ಎರಡು ಎಳೆಯ ಹುರಿ ಮಗ್ಗದ ಬಾಚಣಿಗೆಯಂಥ ಹಣಿಗೆಯ ಸಂದಿನಲ್ಲಿ ಹಿಡಿಸಲಿಲ್ಲ. ಒಂದು ಸಂದು ಬಿಟ್ಟು ಒಂದರಲ್ಲಿ ಎಳೆ ಹಾಯಿಸಬೇಕಾಯಿತು. ಅದರಿಂದ ನೇಯ್ಗೆ ವಿರಳವಾಯಿತು. ಕೆಡುತ್ತದೆ ಎಂದು ಬಾಳಪ್ಪ ಗೊಣಗುತ್ತಲೇ ಇದ್ದ. ಆದರೆ ಬಿಗಿ ಹಾಸಿನ ನಡುವೆ ಸಡಿಲ ಹೊಕ್ಕು ಉಬ್ಬಿ ಕೂತಾಗ ಕೈಗೆ ಬಂದದ್ದೇ ಬೇರೆ. ಮಡಿಸಿ ಇಟ್ಟರೆ ನಿಲ್ಲಲಿಲ್ಲ, ಮಲಗಿದ ಬೆಕ್ಕಿನ ಹಾಗೆ ಕುಸಿಯಿತು. ಬಾಳಪ್ಪನಿಗೆ ಅದನ್ನು ನೋಡಲಿಕ್ಕೆ ನಾಚಿಕೆಯಾಯಿತು. ದುಂಡವ್ವ ಅದನ್ನೆತ್ತಿ ಮೊದಲು ತನ್ನ ಕೆನ್ನೆಗೆ, ಆಮೇಲೆ ಮೊಣಕೈ ಒಳಗಿನ ಎಳೆಯ ಚರ್ಮಕ್ಕೆ ತಿಕ್ಕಿದಳು. ಮನೆಗೆ ಬಂದು ರಾತ್ರಿಯೆಲ್ಲ ಅದನ್ನು ಬರಿ ಕುತ್ತಿಗೆಗೆ ಸುತ್ತಿಕೊಂಡು ಮಲಗಿದಳು. ಬೆಳಿಗ್ಗೆ ಎದ್ದು ಕುತ್ತಿಗೆಯನ್ನು ಅಮೋಘಸಿದ್ಧನಿಗೆ ತೋರಿಸಿದಳು.

"ಕೆಂಪ ಐತೇನ?"

"ಕರ್ರಗ ಐತಿ. ಮೊದಲಿಂದು."

ಹೆಸರಿಡುವ ದಿನ ಕುಪವಾಡದಿಂದ ಒಂದು ಟೆಂಪೋ ತುಂಬ ಬೀಗರು ಇಳಿದರು. ಹೌಸಾಬಾಯಿಯ ಕೈಯಲ್ಲಿ ಪ್ಲಾಸ್ಟಿಕ್ ಚೀಲದ ಸಮೇತ ಗುಲಾಬಿ ಬ್ಲ್ಯಾಂಕೆಟ್. ಚಹಾ ಕೂಡ ಮುಟ್ಟದೆ, "ಕೂಸ ತರ್ರಿ" ಅಂದಳು. ಅಪ್ಪಾಸಾಬ, "ಆಯಿ, ಆಧಿ ಬಸ್ ತರಿ" ಎಂದು, ಮೊದಲು ಕೂತಾದರೂ ಕೊಳ್ಳವ್ವಾ ಎಂದು ಬೇಡಿಕೊಂಡ. ಕೇಳಲಿಲ್ಲ. ಅಂಗಳದ ಬಿಸಿಲಿನಲ್ಲಿ ಕೂಸಿನ ಅರಿವೆ ಬಿಚ್ಚಿಸಿ, ಸಂತೆಯಲ್ಲಿ ಆಡು ಕೊಳ್ಳುವವರ ಹಾಗೆ ಕಂಕುಳ ಎತ್ತಿ, ತೊಡೆಯ ಸಂದು ಬಿಡಿಸಿ, ಕಿವಿ ಮಡಚಿ ಹಿಂದೆ ನೋಡಿದಳು. ಕೂಸು ಅವಳ ಜರಿ ಸೀರೆಯ ಮೇಲೆ ಉಚ್ಚೆ ಹೊಯ್ದಿತು. ಹೆಂಗಸರು ಬಾಯಿಗೆ ಸೆರಗು ಹಿಡಿದರು.

"ಈಗಿಂದ ಈಗ ಬರೇ ಮೈ ನೋಡಿದ್ರ ಏನ ಬಂತು?" ಅಂದಳು ಹೌಸಾಬಾಯಿ. "ಎಲ್ಲಿ ನಿಮ್ಮ ಹಲಗಿ? ಅದರ ಮ್ಯಾಲೆ ಹಾಕ್ರಿ. ಬರೇ ಮೈಲೇ ಹಾಕ್ರಿ. ನಾವು ಉಂಡ ಏಳೂತನಾ ಅದರ ಮ್ಯಾಲೇ ಇರಲಿ."

ದುಂಡವ್ವ ತೊಟ್ಟಿಲಿನಲ್ಲಿ ಕಂಬಳಿ ಹಾಸಿದಳು. ಬರಿ ಮೈಯ ಕೂಸನ್ನು ಅದರ ಮೇಲೆ ಹಾಕಿ, ಅದರದೇ ತುದಿಯನ್ನು ಮೇಲೆ ಹೊದಿಸಿದಳು. ತನ್ನ ಕುತ್ತಿಗೆ ಕುರಿಗಾಹಿಯ ಕುತ್ತಿಗೆ, ಅದಕ್ಕೆ ಏನು ತಾಗೀತು? ಕೂಸಿನ ಬೆನ್ನು ಹಾಗಲ್ಲವಲ್ಲ. ಕೂಸು ಎರಡು ಸಲ ಮುಖ ಕಿವುಚಿತು, ಕಾಲು ಝಾಡಿಸಿತು. ಆಮೇಲೆ ಮುಷ್ಟಿಯಲ್ಲಿ ಉಣ್ಣೆಯನ್ನು ಹಿಡಿದುಕೊಂಡು ನಿದ್ದೆ ಹೋಯಿತು.

ಅಪ್ಪಾಸಾಬನ ತಂಗಿ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್" ಅಂದು ಹೆಸರು ಹೇಳಿದಳು. ಹೆಂಗಸರೆಲ್ಲ ಪದ್ಧತಿಯ ಹಾಗೆ ಅವಳ ಬೆನ್ನಿಗೆ ದಬದಬ ಗುದ್ದಿದರು. ಹೌಸಾಬಾಯಿಗೆ ಗುದ್ದಲಾಗದ ಸಾತವ್ವ ಆ ಸಿಟ್ಟನ್ನೂ ಪಾಪ ಆ ಹುಡುಗಿಯ ಬೆನ್ನಿನ ಮೇಲೇ ತೀರಿಸಿಕೊಂಡಳು. ಊಟವಾಯಿತು. ದುಂಡವ್ವ ಬಡಿಸುತ್ತಿದ್ದಳು, ಆದರೆ ಯಾರ ಎಲೆಗೆ ಏನು ಬಿದ್ದಿತೋ ಅವಳಿಗೆ ತಿಳಿಯದು.

ಹೌಸಾಬಾಯಿ ಕೈ ತೊಳೆದು ಬಂದು ಕೂಸನ್ನು ಕಂಬಳಿಯ ಸಮೇತ ಎತ್ತಿ ಬೋರಲು ಹಾಕಿಕೊಂಡಳು. ಬೆನ್ನಿನ ಮೇಲೆ ನೇಯ್ಗೆಯ ಗುರುತು ಮೂಡಿತ್ತು, ಕೆಂಪು ಇರಲಿಲ್ಲ. ಬೆರಳಿನಿಂದ ಸವರಿದಳು. ಕೂಸಿನ ಬೆನ್ನು ಬೆಚ್ಚಗಿತ್ತು. ಅವಳ ಕೈ ಕೂಸಿನ ಬೆನ್ನಿನಿಂದ ಕಂಬಳಿಗೆ ಇಳಿಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಒಪ್ಪಿದೆ ಅನ್ನಲಿಲ್ಲ, ತಪ್ಪಾಯಿತು ಅನ್ನಲಿಲ್ಲ. ಅಂಥ ಹೆಂಗಸು ಅವಳು.

"ಮೂರ ತಿಂಗಳ" ಅಂದಳು.

"ಐದ" ಅಂದಳು ದುಂಡವ್ವ.

"ಮನಿಯಾಗ ನನ್ನ ಮಗ ಕೈಯಾರೆ ಭಾಕರಿ ಬಡಕೋಬೇಕೇನ?"

"ನೀವ ಎದಕ್ಕ ಇದೀರಿ? ಕೈಗೆ ಗೋರಂಟಿ ಹಚ್ಚೀರೇನ?"

"ನಾಕ. ಅದರ ಮ್ಯಾಲೆ ಒಂದ ದಿನಾನೂ ಇಲ್ಲ."

"ನಾಕೂವರಿ. ಮತ್ತ ಆ ಗುಲಾಬಿ ಬ್ಲ್ಯಾಂಕೆಟ್ ನಮ್ಮಲ್ಲೇ ಇರ್ಲಿ, ಒದ್ದಿ ಆದಾಗ ಒರಸಾಕ ಬರತೈತಿ."

ಅಮೋಘಸಿದ್ಧ ಎಷ್ಟು ಜೋರಾಗಿ ನಕ್ಕನೆಂದರೆ ಹಟ್ಟಿಯ ನಾಯಿ ಬೊಗಳಿತು. ಹೌಸಾಬಾಯಿ ಉರಿದು ನೋಡಿದಳು, ಆದರೆ ನಾಲ್ಕೂವರೆಗೆ ಇಲ್ಲ ಅನ್ನಲಿಲ್ಲ.

ಟೆಂಪೋ ಹೋದ ಮೇಲೆ ಬಾಳಪ್ಪ ಬಂದ. ಬೀಗರ ಕಣ್ಣಿಗೆ ಬೀಳಬಾರದೆಂದು ಅಷ್ಟು ಹೊತ್ತು ಕಾದಿದ್ದ. ದುಂಡವ್ವ ಅವನಿಗೆ ಎಲೆ ಹಾಕಿ ಎದುರಿಗೆ ಕೂತು, ಕೂಲಿ ಏನು ಕೊಡಲಿ ಎಂದು ಕೇಳಿದಳು.

"ಸೊಸಾಯಿಟಿ ಮಗ್ಗದಾಗ ಕದ್ದ ನೇಯ್ದೇನಿ. ಅದಕ್ಕ ರೊಕ್ಕ ತಗೊಂಡ್ರ ಕಳ್ಳ ಆಗತೇನಿ."

"ಹಂಗಾದ್ರ ಏನ ಕೊಡ್ಲಿ, ಹೇಳ್ರಿ."

ಬಾಳಪ್ಪ ತುತ್ತು ನುಂಗಿದ. "ಕೂಸಿಗೆ ಕಾಲ ಬರ್ಲಿ. ಒಂದ ದಿನ ಮಗ್ಗಕ್ಕ ಕರಕೊಂಡ ಬಾ. ಕುಣಿಯಾಗ ನನ್ನ ಬಾಜೂಕ ಕುಂದರಸ್ತೇನಿ. ಒಂದ ಸಲ ಅದರ ಕೈಲೆ ಲಾಳಿ ಹಾಯಲಿ. ನನ್ನ ಮನಿಯಾಗ ಲಾಳಿ ಹಿಡಿಯೋ ಕೈ ಹುಟ್ಟಲಿಲ್ಲ. ಅಷ್ಟ ನನ್ನ ಕೂಲಿ."

"ಆತ್ರಿ ಕಾಕಾ. ಕೊಟ್ಟೆ" ಅಂದಳು ದುಂಡವ್ವ.

ನಾಲ್ಕೂವರೆ ತಿಂಗಳು ಅವಳು ಒಂದು ದಿನ ಬಿಡದೆ ಎರೆದಳು. ಕೂಸು ಮಗುಚಿತು, ನಕ್ಕಿತು, ಅಜ್ಜನ "ಹುರ್ರ್" ಕೇಳಿದರೆ ಕೈಕಾಲು ಬಡಿಯತೊಡಗಿತು. ಆಮೇಲೆ ಮಾತಿನ ಹಾಗೆ ಕುಪವಾಡಕ್ಕೆ ಹೋಯಿತು. ಅಲ್ಲಿಯ ಸ್ಲ್ಯಾಬಿನ ಮನೆಯಲ್ಲೇ ಅದಕ್ಕೆ ಕಾಲು ಬಂದದ್ದು. ಮುಂದಿನ ದೀಪಾವಳಿಗೆ ತುಳಸಾ ತವರಿಗೆ ಬಂದಾಗ ದುಂಡವ್ವ ಮಗುವಿನ ಕೈ ಹಿಡಿದುಕೊಂಡು ಮಗ್ಗದ ಮನೆಗೆ ಹೋದಳು. ಮಗ್ಗ ಇರಲಿಲ್ಲ. ಕಂಬಳಿ ಯಾರೂ ಕೊಳ್ಳುವುದಿಲ್ಲ ಎಂದು ಉಣ್ಣೆಯ ಸೊಸಾಯಿಟಿಯನ್ನು ಮುಚ್ಚಿದ ಮೇಲೆ, ಕುಣಿಯನ್ನು ತುಂಬಿಸಿ ಅದರ ಮೇಲೆ ಗೊಬ್ಬರದ ಚೀಲ ಒಟ್ಟಿದ್ದರು. ಬಾಳಪ್ಪ ಹೊಟ್ಟೆಯ ಪಾಡಿಗೆ ಇಚಲಕರಂಜಿಯ ಸೋದರಳಿಯನ ಮನೆ ಸೇರಿದ್ದ. ಇದೂ ಒಂದು ಸಹಕಾರವೇ!

ದುಂಡವ್ವ ಅಲ್ಲಿಗೇ ಬಿಡುವವಳಲ್ಲ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಇಚಲಕರಂಜಿಯ ಬಸ್ಸು ಹತ್ತಿದಳು. ಕೇಳುತ್ತ ಕೇಳುತ್ತ ಆ ಮನೆ ಹುಡುಕಿದಳು. ಗೋಡೆ ಅದುರುವ ಹಾಗೆ ವಿದ್ಯುತ್ತಿನ ಮಗ್ಗಗಳು ಖಟಾಖಟ ಹೊಡೆಯುತ್ತಿದ್ದವು. ಬಾಳಪ್ಪ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಮಗುವನ್ನು ಕಂಡು ಎದ್ದು ನಿಂತ.

"ಕೂಲಿ ತಂದೇನ್ರಿ ಕಾಕಾ" ಎಂದು ಅವಳು ಕೂಗಿ ಹೇಳಬೇಕಾಯಿತು.

ಬಾಳಪ್ಪ ಒಳಗಿನ ಮಗ್ಗಗಳ ಕಡೆ ನೋಡಿದ. ಅಲ್ಲಿ ಲಾಳಿ ಕಣ್ಣಿಗೂ ಕಾಣದ ಹಾಗೆ ತಾನೇ ಹಾರುತ್ತಿತ್ತು, ಮಗುವಿನ ಕೈ ಅದರ ಹತ್ತಿರ ಹೋದರೆ ಬೆರಳು ಉಳಿಯುವುದಿಲ್ಲ. ಅವನು ಮಗುವನ್ನು ಕರೆದು, ಅದರ ಅಂಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡ. ಅಂಗಡಿಯಿಂದ ಬಿಸ್ಕೀಟು ತರಿಸಿ ಕೊಟ್ಟ.

"ಮುಟ್ಟಿತು ಮಗಳ. ನನ್ನ ಕೂಲಿ ಮುಟ್ಟಿತು. ಬಸ್ ತಪ್ಪತೈತಿ, ಹೋಗ."

"ಮುಟ್ಟಿಲ್ಲರಿ" ಅಂದಳು ದುಂಡವ್ವ. "ಸುಳ್ಳ ಯಾಕ ಹೇಳತೀರಿ?"

ಬಾಳಪ್ಪ ಆ ಊರಿನಲ್ಲೇ ತೀರಿಕೊಂಡ. ದುಂಡವ್ವ ಈಗಲೂ, ಅವನ ಕೂಲಿ ತನ್ನ ಮೇಲೆ ಇದೆ ಎಂದೇ ಹೇಳುತ್ತಾಳೆ.